ಪೂರ್ತಿ ನಕ್ಷೆ ಬೇಡವೆಂದ ರೂಟರ್‌ಗಳು: ಓಎಸ್‌ಪಿಎಫ್ ಏರಿಯಾಗಳು ಬೆಳೆದುಬಂದ ಬಗೆ

ಸ್ಟಬ್, ಟೋಟಲಿ ಸ್ಟಬಿ, ಎನ್‌ಎಸ್‌ಎಸ್‌ಎ, ಟೋಟಲಿ ಎನ್‌ಎಸ್‌ಎಸ್‌ಎ. ಜಾಲದ ರೂಟರ್‌ಗಳು ದಾರಿ ಕಂಡುಕೊಳ್ಳಲು ಬಳಸುವ ಓಎಸ್‌ಪಿಎಫ್ ಪ್ರೋಟೋಕಾಲ್ ಕಲಿಯಲು ಕೂತವರು ಈ ಏರಿಯಾ ವಿಧಗಳ ಕೋಷ್ಟಕ ಬರೆದುಕೊಂಡು, ಯಾವುದರೊಳಗೆ ಯಾವ ಎಲ್‌ಎಸ್‌ಎ (ರೂಟರ್‌ಗಳು ಹಂಚಿಕೊಳ್ಳುವ ಮಾಹಿತಿಯ ಸಂದೇಶ) ಬರುತ್ತದೆ, ಯಾವುದು ಬರುವುದಿಲ್ಲ ಎಂದು ಉರು ಹೊಡೆಯುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಇವು ಯಾರೋ ಒಮ್ಮೆಲೇ ಕೂತು ಮಾಡಿದ ವರ್ಗೀಕರಣವಲ್ಲ. ಒಂದು ನಿಯಮ ಎಲ್ಲೋ ಬಿಗಿಯಾಯಿತು, ಅದನ್ನು ಸಡಿಲಿಸಲು ಇನ್ನೊಂದು ಬಂತು. ಆ ಸರಣಿ ಗೊತ್ತಿದ್ದರೆ ಕೋಷ್ಟಕದ ಅಗತ್ಯವೇ ಬೀಳುವುದಿಲ್ಲ.

ಆರಂಭ ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ. ಅಲ್ಲಿನ ಮೊದಲ ವಿಧಾನದಲ್ಲಿ ಪ್ರತಿ ರೂಟರ್ ತನಗೆ ಗೊತ್ತಿರುವ ದೂರಗಳ ಪಟ್ಟಿಯನ್ನು ನೆರೆಯ ರೂಟರಿಗೆ ಕೊಡುತ್ತಿತ್ತು. ಅದು ತನ್ನ ಲೆಕ್ಕ ಸೇರಿಸಿ ಮುಂದಿನದಕ್ಕೆ. ಎಲ್ಲವೂ ಕೇಳಿದ ಮಾತು. ಎಲ್ಲಾದರೂ ಕೊಂಡಿ ಕಡಿದರೆ ಹಳೆಯ ಸುದ್ದಿಯೇ ಸುತ್ತು ಹೊಡೆದು ಹೊಸದರಂತೆ ವಾಪಸು ಬರುತ್ತಿತ್ತು. 1979ರಲ್ಲಿ ಇದನ್ನು ಬದಲಿಸಿದರು. ಹೊಸ ಕ್ರಮದಲ್ಲಿ ಪ್ರತಿ ರೂಟರ್ ತನ್ನ ಕೊಂಡಿಗಳ ಸ್ಥಿತಿಯನ್ನಷ್ಟೇ ಹೇಳಬೇಕು, ಆ ಮಾತು ಬದಲಾಗದೆ ಎಲ್ಲರಿಗೂ ತಲುಪಬೇಕು. ಆಗ ಎಲ್ಲರ ಬಳಿಯೂ ಒಂದೇ ನಕ್ಷೆ ಇರುತ್ತದೆ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಪ್ರತಿಯೊಂದೂ ತನ್ನ ಹತ್ತಿರದ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.

ಎಲ್ಲರಿಗೂ ಎಲ್ಲವೂ ಗೊತ್ತಿರುವುದರ ಅಪಾಯ ಬೇಗನೆ ಬಯಲಾಯಿತು. 1980ರ ಅಕ್ಟೋಬರ್ 27ರಂದು ಕೆಟ್ಟ ಹಾರ್ಡ್‌ವೇರ್‌ನಿಂದಾಗಿ ಒಂದೇ ರೂಟರಿನ ಸಂದೇಶಗಳ ಕ್ರಮಸಂಖ್ಯೆಯಲ್ಲಿ ಕೆಲವು ಬಿಟ್‌ಗಳು ಅಳಿಸಿಹೋದವು. ಹುಟ್ಟಿಕೊಂಡ ಮೂರು ಪ್ರತಿಗಳಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದಾಗಿ ಕಾಣುತ್ತಿತ್ತು. ರೂಟರ್‌ಗಳು ಅವನ್ನೇ ಮತ್ತೆ ಮತ್ತೆ ಹರಡುತ್ತ ಕೂತವು, ಜಾಲ ಗಂಟೆಗಟ್ಟಲೆ ಸ್ತಬ್ಧವಾಯಿತು. ಒಂದು ಮೂಲೆಯ ದೋಷ ಇಡೀ ಜಾಲವನ್ನು ಕೆಡವಬಲ್ಲದು ಎಂಬುದು ಹೀಗೆ ಕೊಂಡಿಗಳ ಸ್ಥಿತಿಯನ್ನು ಸಾರುವ ಲಿಂಕ್-ಸ್ಟೇಟ್ ವಿಧಾನದ ಜೊತೆಗೇ ಬಂದ ಆತಂಕ.

ಎಂಬತ್ತರ ದಶಕದ ಕೊನೆಗೆ 15 ಹಾಪ್‌ಗಳ (ರೂಟರಿನಿಂದ ರೂಟರಿಗೆ ಹಾರುವ ಹೆಜ್ಜೆಗಳ) ಆಚೆ ಕಾಣಲಾರದ ರಿಪ್ ಎಂಬ ಹಳೆಯ ರೂಟಿಂಗ್ ಪ್ರೋಟೋಕಾಲ್‌ಗೆ ಬದಲಿ ಹುಡುಕುತ್ತ ಇಂಟರ್ನೆಟ್ ಮಾನಕಗಳ ಸಂಸ್ಥೆ ಐಇಟಿಎಫ್ ಓಎಸ್‌ಪಿಎಫ್ ರೂಪಿಸಿತು. ಜಾನ್ ಮೋಯ್ ಬರೆದ ಮೊದಲ ಆವೃತ್ತಿ 1989ರಲ್ಲಿ ಹೊರಬಂತು; ಐಇಟಿಎಫ್ ದಾಖಲೆಗಳ ಸಾಲಿನಲ್ಲಿ ಅದು ಆರ್‌ಎಫ್‌ಸಿ 1131. ಜಾಲ ದೊಡ್ಡದಾದಷ್ಟೂ ನಕ್ಷೆ ಮೆಮೊರಿ ತಿನ್ನುತ್ತದೆ, ಪ್ರತಿ ಬದಲಾವಣೆಗೂ ಲೆಕ್ಕ ಮೊದಲಿನಿಂದ ಆಗಬೇಕು. ಆದ್ದರಿಂದ ಜಾಲವನ್ನು ಏರಿಯಾಗಳಾಗಿ ಒಡೆದರು. ನಕ್ಷೆ ಏರಿಯಾದೊಳಗೆ ಮಾತ್ರ. ಗಡಿಯಲ್ಲಿ ನಿಂತ ಎಬಿಆರ್ ಎಂಬ ರೂಟರ್ ಹೊರಗಿನವರಿಗೆ ಹೇಳುವುದು ಇಷ್ಟೇ: ಇಂಥ ನೆಟ್‌ವರ್ಕ್ ನನ್ನ ಮೂಲಕ ಇಷ್ಟು ಕಾಸ್ಟ್‌ಗೆ (ದಾರಿಯ ವೆಚ್ಚಕ್ಕೆ) ಸಿಗುತ್ತದೆ. ಇದು ಟೈಪ್ 3 ಎಲ್‌ಎಸ್‌ಎ.

ನನಗೆ ಇಡೀ ಕಥೆಯಲ್ಲಿ ಸ್ವಾರಸ್ಯ ಕಾಣುವುದು ಇಲ್ಲೇ. ಹತ್ತು ವರ್ಷದ ಹಿಂದೆ ಬಿಟ್ಟುಬಂದ ‘ಕೇಳಿದ ಮಾತು’ ಏರಿಯಾಗಳ ಗಡಿಯಲ್ಲಿ ಮತ್ತೆ ಒಳಗೆ ಬಂತು. ಅದರ ಜೊತೆಗೆ ಸುತ್ತು ಹೊಡೆಯುವ ಹಳೆಯ ಕಾಯಿಲೆ ಬರಬಾರದೆಂದೇ ಎಲ್ಲ ಏರಿಯಾಗಳೂ ಬ್ಯಾಕ್‌ಬೋನ್ ಆದ ಏರಿಯಾ 0ಕ್ಕೆ ಅಂಟಿಕೊಂಡಿರಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವುದಿದ್ದರೆ ಅದರ ಮೂಲಕವೇ ಹೋಗಬೇಕು ಎಂಬ ಕಟ್ಟುಪಾಡು. ಹಟಮಾರಿತನದಂತೆ ತೋರುವ ಆ ನಿಯಮಕ್ಕೆ ಕಾರಣ ಇಷ್ಟೇ.

ಇಷ್ಟಾದರೂ ಒಂದು ಹೊರೆ ಹಾಗೇ ಉಳಿಯಿತು. ಬೇರೆ ಪ್ರೋಟೋಕಾಲ್‌ಗಳಿಂದ ತಂದು ಸೇರಿಸಿದ ಹೊರಗಿನ ರೂಟ್‌ಗಳು, ಅಂದರೆ ಟೈಪ್ 5, ಗಡಿಗಳನ್ನು ಲೆಕ್ಕಿಸದೆ ಎಲ್ಲ ಏರಿಯಾಗಳಿಗೂ ಹರಿಯುತ್ತಿದ್ದವು. ಬಹಳಷ್ಟು ಜಾಲಗಳಲ್ಲಿ ಡೇಟಾಬೇಸಿನ ದೊಡ್ಡ ಪಾಲು ಇವೇ. ಹೊರಹೋಗಲು ಒಂದೇ ಬಾಗಿಲಿರುವ ಏರಿಯಾಕ್ಕೆ ಈ ಉದ್ದನೆಯ ಪಟ್ಟಿ ಏಕೆ? 1991ರ ಎರಡನೇ ಆವೃತ್ತಿ, ಆರ್‌ಎಫ್‌ಸಿ 1247, ಸ್ಟಬ್ ಏರಿಯಾ ತಂದಿತು: ಟೈಪ್ 5 ಒಳಗೆ ಬರಕೂಡದು, ಬದಲಿಗೆ ಎಬಿಆರ್ ಒಂದು ಡೀಫಾಲ್ಟ್ ರೂಟ್ ಕೊಡುತ್ತದೆ, ಅಂದರೆ ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಇತ್ತ ಬರಲಿ ಎಂಬ ಒಂದೇ ಸಾಲು. ಒಳಗಿರುವ ಒಂದು ರೂಟರ್ ಏರಿಯಾವನ್ನು ಸ್ಟಬ್ ಎಂದೂ ಪಕ್ಕದ್ದು ಅಲ್ಲವೆಂದೂ ತಿಳಿದರೆ ಪ್ಯಾಕೆಟ್‌ಗಳು ದಿಕ್ಕು ತಪ್ಪುತ್ತವೆ. ಹಾಗಾಗಿ ನೆರೆಯ ರೂಟರ್‌ಗಳು ಪರಸ್ಪರ ಗುರುತಿಸಿಕೊಳ್ಳಲು ಕಳಿಸುವ ಹಲೋ ಪ್ಯಾಕೆಟ್‌ನಲ್ಲೇ ಇ-ಬಿಟ್ ಎಂಬ ಗುರುತು ಇಟ್ಟು, ಅದು ಹೊಂದದವರ ನಡುವೆ ನೆಂಟಸ್ತಿಕೆಯೇ ಬೆಳೆಯದಂತೆ ಮಾಡಿದರು.

ಸರಿ, ಬೇರೆ ಏರಿಯಾಗಳ ಟೈಪ್ 3 ಪಟ್ಟಿಯಾದರೂ ಏಕೆ ಬೇಕು? ಅದನ್ನೂ ತಡೆಯುವ ಸ್ವಾತಂತ್ರ್ಯ ಎಬಿಆರ್‌ಗೆ ಮಾನಕದಲ್ಲೇ ಇತ್ತು. ರೂಟರ್ ತಯಾರಕ ಸಿಸ್ಕೊ ಅದಕ್ಕೆ ಟೋಟಲಿ ಸ್ಟಬಿ ಎಂದು ಹೆಸರಿಟ್ಟಿತು. ಸಂರಚನೆಯಲ್ಲಿ ‘ನೋ-ಸಮ್ಮರಿ’ ಎಂದು ಸೇರಿಸಬೇಕಾದದ್ದು ಎಬಿಆರ್‌ನಲ್ಲಿ ಮಾತ್ರ. ಒಳಗಿನ ರೂಟರ್‌ಗಳಿಗೆ ಬರೀ ‘ಸ್ಟಬ್’ ಸಾಕು.

ಸ್ಟಬ್‌ಗೆ ಒಂದು ಬೆಲೆ ಇತ್ತು. ಅದರೊಳಗಿಂದ ಹೊರಗಿನ ರೂಟ್‌ಗಳನ್ನು ಸೇರಿಸುವಂತೆಯೂ ಇಲ್ಲ. ಅಮೆರಿಕದ ಎನ್‌ಎಸ್‌ಎಫ್‌ನೆಟ್‌ನ ಪ್ರಾದೇಶಿಕ ಜಾಲಗಳಿಗೆ ಇದು ತಡೆಯಾಯಿತು. ಅವುಗಳಿಗೆ ಜೋಡಿಸಿಕೊಂಡ ಸಂಸ್ಥೆಗಳೊಳಗೆ ರಿಪ್‌ನಂಥ ಬೇರೆ ಪ್ರೋಟೋಕಾಲ್. ಅಲ್ಲಿಯ ರೂಟ್‌ಗಳು ಹೊರಬರಬೇಕು, ಹೊರಗಿನವು ಮಾತ್ರ ಒಳಗೆ ಸುರಿಯಬಾರದು. 1994ರ ಆರ್‌ಎಫ್‌ಸಿ 1587 ಇದಕ್ಕೆ ಎನ್‌ಎಸ್‌ಎಸ್‌ಎ ಕೊಟ್ಟಿತು. ‘ನಾಟ್-ಸೋ-ಸ್ಟಬಿ’ ಎಂಬ ಹೆಸರಿನಲ್ಲೇ ರಾಜಿಯ ವಾಸನೆಯಿದೆ. ಟೈಪ್ 5 ನಿಷಿದ್ಧ ಎಂಬ ನಿಯಮವನ್ನು ಮುರಿಯದೆ, ಏರಿಯಾದೊಳಗೆ ಮಾತ್ರ ಓಡಾಡುವ ಟೈಪ್ 7 ಹುಟ್ಟಿಸಿದರು. ಗಡಿಯಲ್ಲಿ ಎಬಿಆರ್ ಅದನ್ನು ಟೈಪ್ 5 ಆಗಿ ಮಾರ್ಪಡಿಸುತ್ತದೆ. ಎಬಿಆರ್‌ಗಳು ಹಲವಿದ್ದರೆ, ದೊಡ್ಡ ರೂಟರ್ ಐಡಿ (ಗುರುತಿನ ಸಂಖ್ಯೆ) ಇರುವುದಕ್ಕೆ ಆ ಕೆಲಸ. 2003ರ ಆರ್‌ಎಫ್‌ಸಿ 3101 ಇದನ್ನು ಪರಿಷ್ಕರಿಸಿತು. ಸಂರಚಿಸುವವರನ್ನು ಇಂದಿಗೂ ಕಾಡುವ ತೊಡಕೊಂದು ಮಾತ್ರ ಉಳಿದಿದೆ: ಸಿಸ್ಕೊ ರೂಟರ್‌ಗಳಲ್ಲಿ ಸ್ಟಬ್‌ಗೆ ಡೀಫಾಲ್ಟ್ ರೂಟ್ ತಾನಾಗಿ ಬರುತ್ತದೆ, ಬರೀ ಎನ್‌ಎಸ್‌ಎಸ್‌ಎಗೆ ಬರುವುದಿಲ್ಲ, ಕೇಳಿ ಪಡೆಯಬೇಕು. ‘ನೋ-ಸಮ್ಮರಿ’ ಸೇರಿಸಿ ಟೋಟಲಿ ಎನ್‌ಎಸ್‌ಎಸ್‌ಎ ಮಾಡಿದರೆ ಮತ್ತೆ ತಾನಾಗಿ ಬರುತ್ತದೆ.

ಈ ವಿಧಗಳಿಗೆಲ್ಲ ದಾರಿ ಮಾಡಿದ ಮೆಮೊರಿಯ ಬಡತನ ಈಗಿಲ್ಲ. ಇಂದಿನ ರೂಟರಿಗೆ ನೂರಾರು ರೂಟರ್‌ಗಳ ನಕ್ಷೆ ಹೊರೆಯೇ ಅಲ್ಲ. ಬದಲಿಗೆ ಮುಚ್ಚಿಟ್ಟ ಮಾಹಿತಿಯೇ ತೊಂದರೆ ಕೊಡುತ್ತದೆ. ಲೇಬಲ್ ಅಂಟಿಸಿ ಪ್ಯಾಕೆಟ್ ಸಾಗಿಸುವ ಎಂಪಿಎಲ್‌ಎಸ್‌ನಲ್ಲಿ, ಆ ಲೇಬಲ್‌ಗಳನ್ನು ಹಂಚುವ ಎಲ್‌ಡಿಪಿಗೆ ದೂರದ ರೂಟರಿನ ಲೂಪ್‌ಬ್ಯಾಕ್ ವಿಳಾಸ (ಯಾವ ಕೊಂಡಿಗೂ ಅಂಟದ, ರೂಟರಿನದೇ ವಿಳಾಸ) ರೂಟಿಂಗ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಥಾವತ್ತಾಗಿ ಕಾಣಬೇಕು. ಟೋಟಲಿ ಸ್ಟಬಿ ಏರಿಯಾದ ಡೀಫಾಲ್ಟ್ ರೂಟ್ ಅದಕ್ಕೆ ಸಾಲದು. ಟ್ರಾಫಿಕ್ ಎಂಜಿನಿಯರಿಂಗ್‌ಗೆ, ಅಂದರೆ ಸಂಚಾರವನ್ನು ಬೇಕಾದ ದಾರಿಗೆ ತಿರುಗಿಸಲು, ಬೇಕಾದ ಮಾಹಿತಿ ಹೊತ್ತ ಟೈಪ್ 10 ಎಲ್‌ಎಸ್‌ಎ ಏರಿಯಾ ದಾಟುವುದೇ ಇಲ್ಲ. ಹಾಗಾಗಿ ಎಲ್ಲವನ್ನೂ ಏರಿಯಾ 0ರಲ್ಲೇ ಇಡುವವರು ಸೋಮಾರಿಗಳೇನಲ್ಲ. ಏರಿಯಾ ಒಡೆಯಲು ಈಗ ಉಳಿದಿರುವ ಬಲವಾದ ಕಾರಣ 1980ರದ್ದು: ಒಂದೆಡೆಯ ಏರುಪೇರು ಎಲ್ಲೆಡೆ ಹಬ್ಬಬಾರದು. ಅದಕ್ಕೆ ಮಾಮೂಲಿ ಏರಿಯಾ ಮತ್ತು ಗಡಿಯಲ್ಲಿ ವಿಳಾಸಗಳ ಒಗ್ಗೂಡಿಸುವಿಕೆ ಸಾಕಾಗುವುದೇ ಹೆಚ್ಚು. ಓಡುತ್ತಿರುವ ಜಾಲದಲ್ಲಿ ವಿಧ ಬದಲಿಸಲೇಬೇಕಾದರೆ ಬಿಡುವಿನ ಹೊತ್ತು ಗೊತ್ತುಮಾಡಿಕೊಳ್ಳಿ. ಏರಿಯಾದ ಕೊನೆಯ ರೂಟರ್ ಬದಲಾಗುವವರೆಗೂ ಹಲೋ ಪ್ಯಾಕೆಟ್‌ನ ಬಿಟ್ ಹೊಂದದ ಕಡೆಯೆಲ್ಲ ಸಂಪರ್ಕ ಕಡಿದೇ ಇರುತ್ತದೆ.