ತುರಿಕೆ ಎಲ್ಲಿ, ಯಾವ ಕಾಲದಲ್ಲಿ: ಸಾಕುನಾಯಿಯ ಅಲರ್ಜಿಯನ್ನು ಗುರುತಿಸುವ ಬಗೆ

ಅಲರ್ಜಿ ಎಂದೊಡನೆ ಸೀನು, ಸೋರುವ ಮೂಗು, ನೀರಾಡುವ ಕಣ್ಣು ನೆನಪಾಗುವುದು ಸಹಜವಾದರೂ, ನಾಯಿಯಲ್ಲಿ ಅದು ಹೆಚ್ಚಾಗಿ ಚರ್ಮದ ತುರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಕಾಲೆತ್ತಿ ಕೆರೆದುಕೊಂಡರೆ ಮಾತ್ರ ತುರಿಕೆ ಎಂದುಕೊಳ್ಳಬಾರದು. ಪಾದ ನೆಕ್ಕುವುದು, ಮುಖವನ್ನು ಚಾಪೆಗೆ ಉಜ್ಜುವುದು, ಮತ್ತೆ ಮತ್ತೆ ತಲೆ ಕೊಡವುವುದು, ಹಿಂಭಾಗವನ್ನು ನೆಲಕ್ಕೆ ಒರೆಸುತ್ತಾ ಸಾಗುವುದು, ಇವೂ ತುರಿಕೆಯ ಲಕ್ಷಣಗಳಾಗಿರಬಹುದು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟ ಸುತ್ತುವ ನಾಯಿಯ ಕಾಲು ಒಣಗುವುದೇ ಅಪರೂಪವಾದ್ದರಿಂದ, ‘ಮಳೆಗೆ ಕಾಲು ಕೆಟ್ಟಿದೆ, ಅದಕ್ಕೇ ನೆಕ್ಕುತ್ತದೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಒರೆಸಿ ಒಣಗಿಸಿದ ಪಾದವನ್ನೂ ರಾತ್ರಿಯೆಲ್ಲ ನೆಕ್ಕುತ್ತಿದ್ದರೆ, ತಿಳಿ ಬಣ್ಣದ ನಾಯಿಯ ಬೆರಳುಗಳ ನಡುವಿನ ಕೂದಲು ಜೊಲ್ಲಿನಿಂದ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಆಗ ಮಳೆಯನ್ನು ದೂರಿ ಪ್ರಯೋಜನವಿಲ್ಲ.

ತುರಿಕೆ ಮೈಯ ಯಾವ ಭಾಗದಲ್ಲಿದೆ ಎಂಬುದು ಕಾರಣದತ್ತ ಕೈ ತೋರಿಸುತ್ತದೆ. ಬಾಲದ ಬುಡ, ಸೊಂಟ ಮತ್ತು ಹಿಂತೊಡೆಗಳಲ್ಲಿ ಕೂದಲು ಉದುರಿ ಹುಣ್ಣಾಗಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತವೇ ಸಾಕು. ಅಲ್ಲದೆ ಅದು ಕಚ್ಚಿ ಕಚ್ಚಿ ಚಿಗಟವನ್ನು ತಾನೇ ನುಂಗಿಬಿಡುವುದರಿಂದ, ‘ಮೈಮೇಲೆ ಒಂದೂ ಕಾಣುವುದಿಲ್ಲ ಡಾಕ್ಟ್ರೇ’ ಎಂಬ ಮಾತನ್ನು ನಾನು ಪುರಾವೆಯೆಂದು ಒಪ್ಪುವುದಿಲ್ಲ. ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಒಂದು ನಿಮಿಷ ಕಾದು ನೋಡಿ. ಬರಿಯ ಮಣ್ಣಾದರೆ ಹಾಗೆಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಅದರಲ್ಲಿ ಜೀರ್ಣವಾದ ರಕ್ತವಿರುವುದರಿಂದ ಸುತ್ತಲೂ ಕೆಂಗಂದು ಬಣ್ಣ ಹರಡುತ್ತದೆ. ಮೊಟ್ಟೆಗಳು ನಾಯಿ ಮಲಗುವ ಗೋಣಿಚೀಲದಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ. ಹಾಗಾಗಿ ಮನೆಯ ಬೆಕ್ಕೂ ಸೇರಿದಂತೆ ಎಲ್ಲ ಪ್ರಾಣಿಗಳಿಗೂ ಕೆಲವು ತಿಂಗಳು ಬಿಡದೆ ಚಿಕಿತ್ಸೆ ನಡೆಯಬೇಕು. ನಾಯಿಗೆಂದು ತಂದ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಅಪಾಯ.

ಪಾದ, ಮುಖ, ಕಿವಿಯ ಒಳಭಾಗ, ಕಂಕುಳು ಮತ್ತು ಹೊಟ್ಟೆಯಲ್ಲಿ ತುರಿಕೆಯಿದ್ದು, ಅದು 6 ತಿಂಗಳಿನಿಂದ 3 ವರ್ಷದೊಳಗಿನ ವಯಸ್ಸಿನಲ್ಲಿ ಆರಂಭವಾಗಿದ್ದರೆ, ಮನೆಯ ಧೂಳಿನ ನುಸಿ, ಬೂಷ್ಟು, ಪರಾಗ ಮುಂತಾದವುಗಳಿಂದ ಬರುವ ಅಟೋಪಿ ಎಂಬ ಅಲರ್ಜಿ ಇರಬಹುದು. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ತಳಿಗಳಲ್ಲಿ ಇದು ಹೆಚ್ಚು. ಮಾರ್ಚ್–ಏಪ್ರಿಲ್‌ನ ಹೂಮಳೆಯ ನಂತರ ಶುರುವಾದ ತುರಿಕೆಗೆಲ್ಲ ಕಾಫಿ ಹೂವೇ ಕಾರಣವೆನ್ನುವವರಿದ್ದಾರೆ. ಒಂದೇ ವರ್ಷದ ಅನುಭವದಿಂದ ಹಾಗೆ ತೀರ್ಮಾನಿಸಲಾಗದು. ಮಳೆಗಾಲದಲ್ಲಿ ಗೋಡೆ, ಕಂಬಳಿ, ಚಪ್ಪಲಿಗಳಿಗೆಲ್ಲ ಬೂಷ್ಟು ಹಿಡಿಯುವ ನಮ್ಮ ಮನೆಗಳಲ್ಲಿ ಹೂವಿಗಿಂತ ಮೊದಲು ಪರಿಶೀಲಿಸಬೇಕಾದ ಸಂಗತಿಗಳು ಬೇಕಾದಷ್ಟಿವೆ. ಕಿವಿಯಿಂದ ಹುಳಿ ವಾಸನೆ ಬರುತ್ತಿದ್ದರೆ, ಚರ್ಮ ಜಿಡ್ಡಾಗಿದ್ದರೆ, ಅಲರ್ಜಿಯ ಜೊತೆಗೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಸೋಂಕೂ ಸೇರಿಕೊಂಡಿದೆ ಎಂದು ಭಾವಿಸಬಹುದು.

ವರ್ಷವಿಡೀ ಒಂದೇ ಸಮನೆ ತುರಿಸುವ, ಆಗಾಗ ಕಿವಿ ಸೋರುವ, ಭೇದಿಯೂ ಆಗುವ ನಾಯಿಯಲ್ಲಿ ಆಹಾರದ ಅಲರ್ಜಿಯನ್ನು ಪರಿಗಣಿಸಬೇಕು. ದನದ ಮಾಂಸ, ಕೋಳಿ, ಹಾಲಿನ ಪದಾರ್ಥ ಮತ್ತು ಗೋಧಿ ಇದಕ್ಕೆ ಹೆಚ್ಚಾಗಿ ಕಾರಣವಾಗುತ್ತವೆ. ರಕ್ತಪರೀಕ್ಷೆಯಿಂದ ಇದನ್ನು ಖಚಿತಪಡಿಸಲಾಗದು. ನಾಯಿ ಹಿಂದೆಂದೂ ತಿನ್ನದ ಮಾಂಸವನ್ನೋ ವೈದ್ಯರು ಸೂಚಿಸುವ ವಿಶೇಷ ಆಹಾರವನ್ನೋ 8 ವಾರ ಅದೊಂದನ್ನೇ ಕೊಟ್ಟು, ತುರಿಕೆ ತಗ್ಗಿದ ಬಳಿಕ ಹಳೆಯ ಆಹಾರಕ್ಕೆ ಮರಳಿದಾಗ ಅದು ಮತ್ತೆ ಕಾಣಿಸಿದರೆ ಮಾತ್ರ ನಿರ್ಣಯ ಸಾಧ್ಯ. ಹೊರಗಿನವರು ಇಂಥ ಪರೀಕ್ಷೆಗೆ ಹಂದಿಮಾಂಸವನ್ನು ಸೂಚಿಸುವುದುಂಟು; ಪಂದಿಕರಿ ಮಾಡಿದ ದಿನವೆಲ್ಲ ತುಂಡಿಗಾಗಿ ಅಡುಗೆಮನೆ ಬಾಗಿಲಲ್ಲಿ ಕೂತು ಬೆಳೆದ ಕೊಡಗಿನ ನಾಯಿಗೆ ಅದು ಹೊಸದೇನಲ್ಲ! ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳು ಪ್ರೀತಿಯಿಂದ ಕೊಡುವ ಬಿಸ್ಕತ್ತಿನಿಂದ, ಆದ್ದರಿಂದ ಅವರಿಗೂ ಮೊದಲೇ ಹೇಳಿಡಬೇಕು.

ಅಲರ್ಜಿಯಂತೆಯೇ ತೋರುವ ಕಜ್ಜಿಯನ್ನು ಬೇರ್ಪಡಿಸುವುದೂ ಅಗತ್ಯ. ಕಿವಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದೊಡನೆ ನಾಯಿ ಹಿಂಗಾಲಿನಿಂದ ಕೆರೆಯುವಂತೆ ಆಡಿದರೆ, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿದ್ದರೆ, ಮನೆಯವರಿಗೂ ಕೈ ಹೊಟ್ಟೆಗಳಲ್ಲಿ ತುರಿಕೆಯಿದ್ದರೆ, ಕಜ್ಜಿಯ ಹುಳುವಿನ ಸಾಧ್ಯತೆ ಹೆಚ್ಚು.

ಇವೆಲ್ಲ ವಾರಗಟ್ಟಲೆ ಗಮನಿಸಿ ತಿಳಿಯುವಂಥವು. ಜೇನು ಅಥವಾ ಕಣಜ ಕಡಿದಾಗ ಮಾತ್ರ ಅಷ್ಟು ಹೊತ್ತು ಇರುವುದಿಲ್ಲ. ಮೂತಿ ಮತ್ತು ರೆಪ್ಪೆ ಊದಿಕೊಂಡು ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಹಠಾತ್ ವಾಂತಿ, ಭೇದಿ, ಬಿಳುಚಿದ ಒಸಡು, ಏದುಸಿರು, ತೂರಾಡುವಿಕೆ ಕಂಡರೆ ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ತಕ್ಷಣ ಕರೆದೊಯ್ಯಬೇಕು. ಮನೆಯಲ್ಲಿರುವ ನೆಗಡಿ ಮಾತ್ರೆಯನ್ನು ಕೊಡಬೇಡಿ. ಅದರಲ್ಲಿ ಬೆರೆತಿರಬಹುದಾದ ಪ್ಯಾರಸಿಟಮಾಲ್, ಸ್ಯೂಡೋಎಫೆಡ್ರಿನ್ ಮುಂತಾದವು ನಾಯಿಗೆ ವಿಷವಾಗಬಲ್ಲವು.

ತುರಿಕೆಗೆಂದು ನಾಯಿಯನ್ನು ಕರೆತರುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಏಕೆಂದರೆ ನಾವು ನೋಡಬೇಕಾದ ಹಕ್ಕಳೆ, ಹಿಕ್ಕೆ, ಜಿಡ್ಡು ಎಲ್ಲವೂ ತೊಳೆದುಹೋಗುತ್ತವೆ. ಈಗಾಗಲೇ ಬೇರೆಡೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಅದರ ದಿನಾಂಕ ಮತ್ತು ಚೀಟಿ ತನ್ನಿ. ರಾತ್ರಿ ನೆಕ್ಕುವ ವಿಡಿಯೊ ಮೊಬೈಲ್‌ನಲ್ಲಿದ್ದರೆ ಅದನ್ನೂ ತೋರಿಸಿ, ಏಕೆಂದರೆ ಪರೀಕ್ಷೆಯ ಮೇಜಿನ ಮೇಲೆ ನಿಂತ ನಾಯಿ ಹೆದರಿಕೆಗೆ ತುರಿಸಿಕೊಳ್ಳುವುದನ್ನೇ ಮರೆತಿರುತ್ತದೆ.