ಹರಿದ ರಜ್ಜು, ಮತ್ತೆ ಹದಿನಾಲ್ಕು ವರ್ಷದ ಆಟ

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಕ್ರಿಕೆಟ್‌ನ ವೇಗದ ಬೌಲರ್‌ನಂತೆ ಅವನು ದೂರದಿಂದ ಓಡಿ ಬರುವಂತಿಲ್ಲ. ದಿಬ್ಬದ ಮೇಲೆ ನಿಂತು, ಒಂದು ಹೆಜ್ಜೆ ಮುಂದಿಟ್ಟು, ಮಡಿಸಿದ ತೋಳನ್ನು ಚಾಟಿಯಂತೆ ಬೀಸಬೇಕು. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಎರಡು ಮೂಳೆಗಳ ನಡುವಿನ ಒಂದು ಪುಟ್ಟ ಅಸ್ಥಿರಜ್ಜು. ಅದೊಂದನ್ನೇ ಪ್ರಯೋಗಾಲಯದಲ್ಲಿ ಎಳೆದಾಗ ಸುಮಾರು 32 ನ್ಯೂಟನ್-ಮೀಟರ್ ತಿರುಚುಬಲಕ್ಕೆ ಹರಿಯಿತು. ವೃತ್ತಿಪರ ಎಸೆತದಲ್ಲಿ ಮೊಣಕೈ ಮೇಲೆ ಬೀಳುವುದು ಅದರ ಎರಡರಷ್ಟು! ಹೆಚ್ಚುವರಿ ಭಾರವನ್ನು ಮುಂದೋಳಿನ ಸ್ನಾಯುಗಳು ಹಂಚಿಕೊಳ್ಳುತ್ತವೆ. ಅವು ದಣಿದರೆ ರಜ್ಜಿಗೆ ಕುತ್ತು.

1974ರ ಜುಲೈನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್‌ಗೆ ಆದದ್ದು ಇದೇ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು-ಸೋಲನ್ನು ಪಿಚರ್‌ನ ಲೆಕ್ಕಕ್ಕೂ ಬರೆಯುತ್ತಾರೆ; ಆ ಋತುವಿನಲ್ಲಿ 13 ಪಂದ್ಯ ಗೆದ್ದು ಮೂರನ್ನಷ್ಟೇ ಸೋತಿದ್ದ 31ರ ಆಟಗಾರನ ರಜ್ಜು ಹರಿಯಿತು. ಅಂದಿನ ಕಾಲಕ್ಕೆ ಅದು ವೃತ್ತಿಜೀವನದ ಕೊನೆ. ತಂಡದ ವೈದ್ಯ ಡಾ. ಫ್ರ್ಯಾಂಕ್ ಜೋಬ್ ಅದುವರೆಗೆ ಯಾವ ಪಿಚರ್‌ಗೂ ಮಾಡದ ಶಸ್ತ್ರಚಿಕಿತ್ಸೆಯೊಂದನ್ನು ಸೂಚಿಸಿದರು. ಮರಳಿ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ತುಸು ಬಾಗಿಸಿ ನೋಡಿ. ನಡುವೆ ಒಂದು ಎಳೆ ಉಬ್ಬಿ ನಿಲ್ಲಬಹುದು. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈಗೆ ಕೊರತೆಯಿಲ್ಲ. ಜೋಬ್ ಜಾನ್‌ರ ಬಲಗೈಯಿಂದ ಈ ಸ್ನಾಯುರಜ್ಜನ್ನೇ ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ರಂಧ್ರ ಕೊರೆದು, ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ಹೆಣೆದರು. ನರಕ್ಕೆ ತೊಂದರೆಯಾಗಿ ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆಯೂ ಬೇಕಾಯಿತು.

ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಆಮೇಲೆ ದೇಹ ಮಾಡುವ ಕೆಲಸ. ನೆಟ್ಟ ಎಳೆ ಮೊದಲು ಬಲ ಕಳೆದುಕೊಳ್ಳುತ್ತದೆ, ಅದರ ಹಳೆಯ ಜೀವಕೋಶಗಳು ಬಹುಪಾಲು ಸಾಯುತ್ತವೆ. ಸುತ್ತಲಿಂದ ರಕ್ತನಾಳಗಳು ಚಿಗುರುತ್ತವೆ, ಹೊಸ ಕೋಶಗಳು ಬಂದು ಕೊಲಾಜೆನ್ ನಾರುಗಳನ್ನು ಮರುಜೋಡಿಸುತ್ತವೆ. ಸ್ನಾಯುವನ್ನು ಅಂಗೈಗೆ ಕಟ್ಟುತ್ತಿದ್ದ ವಸ್ತು ನಿಧಾನವಾಗಿ ಮೂಳೆಗೆ ಮೂಳೆ ಕಟ್ಟುವ ವಸ್ತುವಾಗುತ್ತದೆ. ಇದಕ್ಕೆ ವರ್ಷವೇ ಹಿಡಿಯುತ್ತದೆ, ಅವಸರಿಸಿ ಫಲವಿಲ್ಲ. ಜಾನ್ 1975ರ ಇಡೀ ಋತುವನ್ನು ಬಿಟ್ಟುಕೊಟ್ಟರು. 1976ರಲ್ಲಿ ಮರಳಿದವರು 1989ರವರೆಗೆ, ತಮ್ಮ 46ನೇ ವಯಸ್ಸಿನವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರವೇ.

ಇಂದು ಈ ಶಸ್ತ್ರಚಿಕಿತ್ಸೆಗೆ ಟಾಮಿ ಜಾನ್‌ರ ಹೆಸರೇ ಇದೆ. ಜಪಾನಿನ ತಾರಾ ಆಟಗಾರ ಶೊಹೆಯ್ ಒಟಾನಿ ಕೂಡ 2018ರಲ್ಲಿ ಇದಕ್ಕೆ ಒಳಗಾದರು. ಆದರೆ ಯಶಸ್ಸಿನ ಜೊತೆಗೇ ಒಂದು ಅಪಾಯಕಾರಿ ನಂಬಿಕೆಯೂ ಬೆಳೆಯಿತು: ಹೊಸ ರಜ್ಜು ಹಾಕಿಸಿಕೊಂಡರೆ ಎಸೆತದ ವೇಗ ಹೆಚ್ಚುತ್ತದಂತೆ! ಹಾಗೇನೂ ಇಲ್ಲ. ಮರಳಿದವರ ಕಸುವು ತಿಂಗಳುಗಟ್ಟಲೆ ಮಾಡಿದ ವ್ಯಾಯಾಮದ್ದು, ಮೇಲಾಗಿ ಎಲ್ಲರೂ ಮರಳುವುದೂ ಇಲ್ಲ. 2007ರಿಂದ 2011ರವರೆಗೆ ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 15ರಿಂದ 19 ವರ್ಷದವರು ಎಂಬುದು ನನ್ನನ್ನು ಕಂಗೆಡಿಸುತ್ತದೆ. ವರ್ಷವಿಡೀ ಒಂದೇ ಆಟ, ದಣಿದ ಮೇಲೂ ಎಸೆತ, ವೇಗದ ಗೀಳು ಇದಕ್ಕೆ ಮುಖ್ಯ ಕಾರಣಗಳು. 2014ರಲ್ಲಿ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಮತ್ತು ಅಲ್ಲಿನ ಬೇಸ್‌ಬಾಲ್ ಆಡಳಿತ ಸಂಸ್ಥೆ ಯುಎಸ್‌ಎ ಬೇಸ್‌ಬಾಲ್ ಸೇರಿ ಮಕ್ಕಳಿಗೆ ಮಿತಿ ಗೊತ್ತುಮಾಡಿದವು: 9–10ರ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ 75 ಎಸೆತ, ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಪಿಚಿಂಗ್‌ನಿಂದ ಬಿಡುವು.