ದುಡಿಯೋದು ಇಬ್ಬರೂ, ಮಾತು ನಡೆಯೋದು ಒಬ್ಬರದ್ದೇ: ಯಾಕೆ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಸಂಬಳ ಗಂಡನಿಗಿಂತ ಸ್ವಲ್ಪ ಜಾಸ್ತಿಯೇ. ಆದರೂ ಮನೆಯಲ್ಲಿ ಮಾತು ನಡೆಯೋದು ಅವರದ್ದೇ, ಅಡುಗೆ, ಪಾತ್ರೆ ಎಲ್ಲಾ ನನ್ನದೇ. ದುಡಿಯೋ ಹೆಂಗಸಿಗೆ ಮನೆಯಲ್ಲಿ ಬೆಲೆ ಇರುತ್ತೆ ಅಂತಾರಲ್ಲ, ಅದು ಸುಳ್ಳಾ?

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆ ಮಾತಿಗೆ ಸಮಾಜಶಾಸ್ತ್ರದಲ್ಲಿ ಸಂಪನ್ಮೂಲ ಸಿದ್ಧಾಂತ ಅಂತ ಹೆಸರು. ಆ ಸಿದ್ಧಾಂತ ಬರೋದಕ್ಕೂ ಮುಂಚೆ, 1950ರ ದಶಕದಲ್ಲಿ, ಟಾಲ್ಕಟ್ ಪಾರ್ಸನ್ಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು ಗಂಡ ಹೊರಗೆ ದುಡಿಯಲಿ, ಹೆಂಡತಿ ಮನೆಮಂದಿಯ ಮನಸ್ಸು ನೋಡಿಕೊಳ್ಳಲಿ, ಸಂಸಾರ ಸಲೀಸಾಗಿ ಸಾಗುತ್ತದೆ ಅಂದಿದ್ದರು. ನಮ್ಮ ಹಿರಿಯರು ಪಾರ್ಸನ್ಸ್ ಓದದೆಯೇ ಇದನ್ನು ಹೇಳುತ್ತಿದ್ದರು ಬಿಡಿ. ರಾಬರ್ಟ್ ಬ್ಲಡ್, ಡೊನಾಲ್ಡ್ ವುಲ್ಫ್ ಅನ್ನುವ ಇಬ್ಬರು ಸಂಶೋಧಕರು 1960ರಲ್ಲಿ ಪ್ರಕಟಿಸಿದ ಪುಸ್ತಕಕ್ಕಾಗಿ ಅಮೆರಿಕದ ಡೆಟ್ರಾಯಿಟ್ ಕಡೆಯ ಹೆಂಗಸರನ್ನು ಮಾತಾಡಿಸಿದ್ದರು. ಯಾವ ಕಾರು, ಯಾವ ಮನೆ, ಯಾವ ಡಾಕ್ಟರು, ದಿನಸಿಗೆ ಎಷ್ಟು, ಹೀಗೆ 8 ವಿಷಯದಲ್ಲಿ ಕೊನೇ ಮಾತು ಯಾರದು ಅಂತ ಕೇಳಿದರು. ಸಂಬಳ, ಓದು, ಸ್ಥಾನಮಾನ ಯಾರು ಜಾಸ್ತಿ ತರುತ್ತಾರೋ ಅವರದೇ ಮೇಲುಗೈ ಅಂತ ತೀರ್ಮಾನಕ್ಕೆ ಬಂದರು.

ಮನೆ ಕೊಳ್ಳೋದನ್ನೂ ದಿನಸಿ ತರೋದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ? ಕಾನ್‌ಸ್ಟಾಂಟಿನಾ ಸಫಿಲಿಯೋಸ್ ರಾತ್‌ಚೈಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1970ರ ದಶಕದಲ್ಲಿ ಎತ್ತಿದ ತಕರಾರು ಇದೇ. ಯಾವುದನ್ನು ಯಾರು ತೀರ್ಮಾನಿಸಬೇಕು ಅಂತ ಹೇಳುವ ಅಧಿಕಾರ ಬೇರೆ, ಹೇಳಿದ್ದನ್ನು ನಡೆಸಿಕೊಂಡು ಹೋಗುವ ಅಧಿಕಾರ ಬೇರೆ ಅಂದರು. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದು. ಗೃಹಲಕ್ಷ್ಮಿಯ 2000 ರೂಪಾಯಿಯನ್ನೇ ನೋಡಿ. ಬರೋದು ಯಜಮಾನಿಯ ಖಾತೆಗೆ, ಮೆಸೇಜು ಅವಳ ಮೊಬೈಲಿಗೆ. ಕೆಲವು ಮನೆಗಳಲ್ಲಿ ಎಟಿಎಂ ಕಾರ್ಡು ಮಾತ್ರ ಗೂಟಕ್ಕೆ ನೇತುಹಾಕಿದ ಗಂಡನ ಅಂಗಿ ಜೇಬಲ್ಲಿ. "ಸಂತೆಗೆ ಹೋಗಿ ಏನು ಬೇಕೋ ತಗೊಂಬಾ" ಅಂತ ಐನೂರು ಕೊಡುತ್ತಾನೆ. ಬದನೆಕಾಯಿಯೋ ಹೀರೇಕಾಯಿಯೋ ಅನ್ನೋದು ಅವಳ ಇಷ್ಟ. ಐನೂರೇ ಅನ್ನೋದು ಅವನ ಇಷ್ಟ. ನಿಮ್ಮ ಸಂಬಳಕ್ಕೂ ಇದೇ ಪ್ರಶ್ನೆ ಹಾಕಿ ನೋಡಿ: ಅದು ಯಾವುದಕ್ಕೆ ಹೋಗಬೇಕು ಅಂತ ಹೇಳೋರು ಯಾರು?

ಇನ್ನು ಪಾತ್ರೆ ವಿಷಯ. ಹೆಂಡತಿಯ ದುಡಿಮೆಯನ್ನು ನೆಚ್ಚಿಕೊಂಡಷ್ಟೂ ಗಂಡ ಮನೆಗೆಲಸ ಕಮ್ಮಿ ಮಾಡುತ್ತಾನೆ ಅಂತ ಸಮಾಜಶಾಸ್ತ್ರಜ್ಞೆ ಜೂಲಿ ಬ್ರೈನ್ಸ್ 1994ರಲ್ಲಿ ಅಮೆರಿಕದ ಅಂಕಿಅಂಶ ಇಟ್ಟು ತೋರಿಸಿದರು. ದುಡಿಮೆಯಲ್ಲಿ ಹಿಂದೆ ಬಿದ್ದವನು ಗಂಡಸುತನವನ್ನು ಸಿಂಕಿನ ಹತ್ತಿರ ಹೋಗದೆ ಉಳಿಸಿಕೊಳ್ಳುತ್ತಾನೆ! ಆಮೇಲೆ ಬಂದವರು ಇದನ್ನು ಪ್ರಶ್ನೆ ಮಾಡಿದ್ದಾರೆ, ಎಲ್ಲ ಕಡೆ ಹೀಗೇ ಅಂತ ಹೇಳೋಕಾಗಲ್ಲ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತಿದೆ. ಅದೂ ಅಂಥ ಕೆಲಸಕ್ಕೆ ಕೈ ಹಾಕುವವರ ಲೆಕ್ಕ ಮಾತ್ರ. ಕೈ ಹಾಕದವರು ಲೆಕ್ಕಕ್ಕೇ ಇಲ್ಲ.

ದುಡಿದರೂ ದುಡಿಮೆ ಅನ್ನಿಸಿಕೊಳ್ಳದಿರೋದು ಇನ್ನೊಂದು ಸಂಕಟ. ಮಂಡಕ್ಕಿ ಭಟ್ಟಿ ಇರುವ ಮನೆಯಲ್ಲಿ ಬಿಸಿಲಲ್ಲಿ ನಿಂತು ಭತ್ತ ಹರವುವವಳು "ಭಟ್ಟಿ ನಡೆಸೋದು ನಮ್ಮನೆಯವರು, ನಾನು ಸುಮ್ನೆ ಕೈಜೋಡಿಸ್ತೀನಿ" ಅನ್ನಬಹುದು. ಚೀಲದ ಲೆಕ್ಕ, ದುಡ್ಡು ಗಂಡಸಿನ ಕೈಗೆ ಬರುತ್ತದಲ್ಲ. ಯಾರು ಎಷ್ಟು ದುಡಿದರು ಅನ್ನೋದಕ್ಕಿಂತ ಯಾರು ದುಡಿದಂತೆ ಕಾಣುತ್ತದೆ ಅನ್ನೋದೇ ಮನೆಯೊಳಗಿನ ಚೌಕಾಸಿಯನ್ನು ನಡೆಸುತ್ತದೆ ಅಂತ ಅಮರ್ತ್ಯ ಸೆನ್ 1990ರಲ್ಲಿ ಬರೆದದ್ದು ಇಂಥದ್ದಕ್ಕೇ.

ಚೌಕಾಸಿ ಅಂದಮೇಲೆ, ಮಾತು ಮುರಿದರೆ ಎಲ್ಲಿಗೆ ಹೋಗ್ತೀರಿ ಅನ್ನೋದೂ ಬರುತ್ತದೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆ ಮಗನಿಗೋ ಕೊಡುವ ರೂಢಿ ಇದೆ, ತವರು ಹೊಳಲ್ಕೆರೆಯಲ್ಲೋ ಹರಿಹರದಲ್ಲೋ ಇರುತ್ತದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಮ್ಮನ ಮನೆ. ಉತ್ತರದಲ್ಲಿ ಗುರುತು ಪರಿಚಯ ಇಲ್ಲದ ದೂರದ ಊರಿಗೆ ಹೋಗುವ ಸೊಸೆಗಿಂತ ದಕ್ಷಿಣದವಳಿಗೆ ಸ್ವಲ್ಪ ಜಾಸ್ತಿ ಸ್ವಾತಂತ್ರ್ಯ ಇರೋದಕ್ಕೆ ಇಂಥ ನಂಟಸ್ತನವೂ ಕಾರಣ ಅಂತ ಟಿಮ್ ಡೈಸನ್, ಮಿಕ್ ಮೂರ್ ಅನ್ನುವ ಸಂಶೋಧಕರು 1983ರಲ್ಲಿ ವಾದಿಸಿದ್ದರು.

ತವರಿಗಿಂತ ಗಟ್ಟಿ ಆಸರೆ ಆಸ್ತಿ. ಪ್ರದೀಪ್ ಪಂಡಾ, ಬೀನಾ ಅಗರ್ವಾಲ್ ಅನ್ನುವ ಅರ್ಥಶಾಸ್ತ್ರಜ್ಞರು ಕೇರಳದ ತಿರುವನಂತಪುರ ಜಿಲ್ಲೆಯ ಮದುವೆಯಾದ ಹೆಂಗಸರ ಬಗ್ಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಆಸ್ತಿ ಇಲ್ಲದವರಲ್ಲಿ ಗಂಡನ ಕೈಲಿ ಹೊಡೆತ ತಿಂದವರು ಶೇ. 49. ಜಮೀನು, ಮನೆ ಎರಡೂ ಇದ್ದವರಲ್ಲಿ ಶೇ. 7. ಸಂಬಳ ಈ ತಿಂಗಳು ಬಂದು ಮುಂದಿನ ತಿಂಗಳು ನಿಲ್ಲಬಹುದು, ಹೆಸರಲ್ಲಿರೋ ಮನೆ ಹಾಗಲ್ಲ.

ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಅದಕ್ಕೂ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ಆದರೂ ಎಷ್ಟೋ ಹೆಣ್ಣುಮಕ್ಕಳು ಒಂದು ಸೀರೆ, ಅರಿಶಿನ ಕುಂಕುಮ ಇಸ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಅಣ್ಣ ಬೇಜಾರಾದರೆ ಹಬ್ಬಕ್ಕೆ ಕರೆಯೋರು ಯಾರು ಅಂತ ಭಯ. ಹೋದಾಗ ಒಂದು ರಾತ್ರಿ ಮಲಗೋಕೆ ತವರು ಬೇಕು ಅಂತ ಪಾಲು ಬಿಡುತ್ತಾರೆ, ಪಾಲು ಬಿಟ್ಟದ್ದಕ್ಕೆ ಗಂಡನ ಮನೆಯಲ್ಲಿ ಮಾತಿನ ಬಲ ಕಮ್ಮಿಯಾಗುತ್ತದೆ. ನಿಮ್ಮದು ಸಹಿ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲ ಅಂದ್ರೆ, ಪಾತ್ರೆ ತೊಳೆಯೋ ಸರದಿಯ ಜಗಳಕ್ಕೂ ಮುಂಚೆ ಅದನ್ನು ವಿಚಾರಿಸಿ.